ರೈಲೇ ಇಲ್ಲದ ಕೊಡಗಿನಲ್ಲಿ ಕೂತು ಮೈಸೂರು ರೈಲ್ವೆಯ ಚರಿತ್ರೆ ಹುಡುಕುವುದು ಹೇಗೆ?

ಕೊಡಗಿನಲ್ಲಿ ಒಂದು ಕಿಲೋಮೀಟರ್ ರೈಲು ಹಳಿಯೂ ಇಲ್ಲ. ಹಾಗಾಗಿ ರೈಲ್ವೆ ಚರಿತ್ರೆ ಅಂದರೆ ಅದು ಮೈಸೂರಿನವರದ್ದು, ನಮಗೆ ಏನು ಸಂಬಂಧ ಅಂತ ಬಿಟ್ಟುಬಿಡುವವರೇ ಜಾಸ್ತಿ. ಆದರೆ ಯೋಚನೆ ಮಾಡಿ. ನಮ್ಮ ಕಾಫಿ, ಏಲಕ್ಕಿ, ಕಿತ್ತಳೆ, ಮರ, ಸೈನ್ಯಕ್ಕೆ ಸೇರಿದ ಹುಡುಗರು, ಮದ್ರಾಸಿಗೆ ಓದಲು ಹೋದವರು, ಇವರೆಲ್ಲ ಬೆಟ್ಟ ಇಳಿದ ಮೇಲೆ ಯಾವುದಾದರೂ ಒಂದು ರೈಲ್ವೆ ಕಂಪನಿಯ ಸ್ಟೇಷನ್ನಿಗೇ ಹೋಗಬೇಕಿತ್ತಲ್ವಾ? ಆ ಸಂಬಂಧದ ಗುರುತು ಇವತ್ತಿಗೂ ನಮ್ಮ ಮನೆಗಳ ಅಟ್ಟದಲ್ಲಿ, ಎಸ್ಟೇಟಿನ ಹಳೆ ಲೆಕ್ಕದ ಪುಸ್ತಕದಲ್ಲಿ, ತೋಟದ ಗೇಟಿನ ಕಂಬದಲ್ಲೂ ಇದೆ. ಅದನ್ನು ಹಿಡಿದುಕೊಂಡು ಒಂದು ರೈಲ್ವೆಯ ಚರಿತ್ರೆ ಬರೆಯಲು ಹೊರಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಇತಿಹಾಸದಲ್ಲಿ ಎಂ.ಎ. ಆಗಿರಬೇಕು ಅಂತೇನಿಲ್ಲ. ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು, ಫೋನಿನ ಕ್ಯಾಮೆರಾ ಬೇಕು.

ಮೊದಲು ಒಂದು ರೈಲ್ವೆ ಆರಿಸಿಕೊಳ್ಳಿ

"ಭಾರತದ ರೈಲ್ವೆ" ಅಂತ ಹೊರಟರೆ ಮುಗಿಯುವುದಿಲ್ಲ. ಕೊಡಗಿನವರಿಗೆ ಹತ್ತಿರದ್ದು ಮೂರು ದಿಕ್ಕು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿದರೆ ಮೈಸೂರು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟದ ಘಾಟಿ ಇಳಿದರೆ ತಲಶ್ಶೇರಿ. ಸಂಪಾಜೆ ಇಳಿದರೆ ಮಂಗಳೂರು. ಇನ್ನು ಶನಿವಾರಸಂತೆ ಕಡೆಯವರಿಗೆ ಹಾಸನ, ಸಕಲೇಶಪುರ. ನಿಮ್ಮ ಊರು ಯಾವ ದಾರಿಯಲ್ಲಿದೆಯೋ ಆ ದಾರಿಯ ರೈಲ್ವೆಯನ್ನೇ ಹಿಡಿಯಿರಿ. ನಾನು ಮೈಸೂರಿನ ದಾರಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ, ಯಾಕೆಂದರೆ ಅದರ ಕಥೆ ಬಹಳ ಸ್ವಾರಸ್ಯವಾಗಿದೆ, ಬಹಳ ಗೊಂದಲದ್ದೂ ಹೌದು.

ಒಡೆಯ ಯಾರು, ಓಡಿಸಿದವರು ಯಾರು?

ಈ ಕೆಲಸದ ಜೀವಾಳ ಇಲ್ಲಿದೆ. ಒಂದು ಲೈನಿನ ಬಗ್ಗೆ ಬರೆಯುವಾಗ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಲೇಬೇಕು. ದುಡ್ಡು ಹಾಕಿದ್ದು ಯಾರು? ಕಟ್ಟಿದ್ದು ಯಾರು? ರೈಲು ಓಡಿಸಿದ್ದು ಯಾರು? ನಮ್ಮಲ್ಲಿ ಒಬ್ಬರ ತೋಟವನ್ನು ಇನ್ನೊಬ್ಬರು ಗುತ್ತಿಗೆಗೆ ಹಿಡಿದು ನೋಡಿಕೊಳ್ಳುತ್ತಾರಲ್ಲ, ಆಗ ಜನ ತೋಟವನ್ನು ಯಾರ ಹೆಸರಿನಿಂದ ಬೇಕಾದರೂ ಕರೆಯಬಹುದು. ರೈಲ್ವೆಯಲ್ಲೂ ಹಾಗೇ ಆಗಿದೆ. ಇದನ್ನು ಬಿಡಿಸದೆ ಬರೆದ ಲೇಖನಗಳೇ ಜಾಸ್ತಿ, ಒಂದರಲ್ಲಿ ಇದ್ದದ್ದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ಬೆಂಗಳೂರು–ಮೈಸೂರು ಲೈನನ್ನೇ ನೋಡಿ. 1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ಜೋಲಾರ್‌ಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ ಬ್ರಾಡ್‌ಗೇಜ್, ಅಂದರೆ ಅಗಲದ ಹಳಿ ತಂದಿತ್ತು. ಅಲ್ಲಿಂದ ಮುಂದಕ್ಕೆ ಇರಲಿಲ್ಲ. 1876–78ರ ದೊಡ್ಡ ಬರ ಬಂದಾಗ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬಂತು, ಅಲ್ಲಿಂದ ಹಳ್ಳಿಗಳಿಗೆ ಸಾಗಿಸುವುದು ಕಷ್ಟವಾಯಿತು. ಎತ್ತುಗಳಿಗೇ ಮೇವು ನೀರು ಇಲ್ಲದಿದ್ದ ಕಾಲ ಅದು, ಗಾಡಿ ಎಳೆಯುವುದು ಯಾರು? ಬರದಲ್ಲಿ ನೊಂದವರಿಗೆ ಕೆಲಸವೂ ಆಗಲಿ, ದಾರಿಯೂ ಆಗಲಿ ಅಂತ ಮೈಸೂರಿನ ಕಡೆಗೆ ಮೀಟರ್‌ಗೇಜ್, ಅಂದರೆ ಅದಕ್ಕಿಂತ ಕಿರಿದಾದ ಹಳಿಯ ಲೈನು ಶುರುವಾಯಿತು. ಆಗ ಮೈಸೂರನ್ನು ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರು. 1881ರ ಮಾರ್ಚಿನಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ರಂಗಾಚಾರ್ಲು ದಿವಾನರಾದರು. ಲೈನು 1881ರಲ್ಲಿ ತುಂಡು ತುಂಡಾಗಿ ಚನ್ನಪಟ್ಟಣ, ಮದ್ದೂರು, ಮಂಡ್ಯದವರೆಗೆ ತೆರೆದು, 1882ರ ಫೆಬ್ರವರಿಯಲ್ಲಿ ಮೈಸೂರು ಮುಟ್ಟಿತು. ಹೀಗಾಗಿ "ಮಹಾರಾಜರು ಕಟ್ಟಿಸಿದ ರೈಲು" ಅಂತ ಒಂದೇ ಮಾತಿನಲ್ಲಿ ಹೇಳಿದರೆ ಅರ್ಧ ಮಾತ್ರ ಸರಿ. ಶುರು ಮಾಡಿದವರೂ ಮುಗಿಸಿದವರೂ ಬೇರೆ ಬೇರೆ ಆಡಳಿತದವರು.

ಇನ್ನೂ ಇದೆ. ಬೆಂಗಳೂರಿನಿಂದ ಲೈನನ್ನು ಹರಿಹರದವರೆಗೆ ಒಯ್ಯಲು ರಾಜ್ಯದ ಬೊಕ್ಕಸದಲ್ಲಿ ಅಷ್ಟು ದುಡ್ಡು ಇರಲಿಲ್ಲ. 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಜೊತೆ ಒಪ್ಪಂದವಾಯಿತು. ಕಂಪನಿ ಲಂಡನ್ನಿನಲ್ಲಿ ಸಾಲ ಎತ್ತಿತು, ಹರಿಹರದ ಲೈನು 1889ರಲ್ಲಿ ಮುಗಿಯಿತು, ಇದ್ದ ಲೈನಿನ ಓಡಾಟವೂ ಆ ಕಂಪನಿಗೇ ಹೋಯಿತು. ಒಡೆತನ ಮೈಸೂರಿನದ್ದು, ಓಡಿಸುವುದು ಕಂಪನಿ. 1908ರ ಜನವರಿಯಲ್ಲಿ ಈ ಕಂಪನಿಯೂ ಮದ್ರಾಸ್ ರೈಲ್ವೆಯೂ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, ಜನ ಎಂ. ಅಂಡ್ ಎಸ್.ಎಂ. ಅನ್ನುತ್ತಿದ್ದದ್ದು ಅದನ್ನೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರಾಜ್ಯವೇ ಮುಂದೆ ನಿಂತು ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಲೈನು ಕಟ್ಟಿತು. 1918ರ ಹೊತ್ತಿಗೆ ಅದು ಓಡುತ್ತಿತ್ತು. ಇದೊಂದರಲ್ಲಿ ಮೂರೂ ಪ್ರಶ್ನೆಗೆ ಒಂದೇ ಉತ್ತರ. ದುಡ್ಡು, ಕಟ್ಟಿದ್ದು, ಓಡಿಸಿದ್ದು ಎಲ್ಲ ಮೈಸೂರು. ಮುಂದಿನ ವರ್ಷ, 1919ರಲ್ಲಿ, ಬೆಂಗಳೂರು–ಮೈಸೂರು–ನಂಜನಗೂಡು ಲೈನಿನ ಓಡಾಟವನ್ನೂ ಕಂಪನಿಯಿಂದ ವಾಪಸ್ ತೆಗೆದುಕೊಂಡರು. ಹರಿಹರದ ಲೈನು ಬರಲು 1938ರವರೆಗೆ ಕಾಯಬೇಕಾಯಿತು. 1950ರಲ್ಲಿ ಮೈಸೂರು ರೈಲ್ವೆ ಭಾರತ ಸರ್ಕಾರಕ್ಕೆ ಸೇರಿತು, 1951ರ ಏಪ್ರಿಲ್ 14ರಂದು ಸದರ್ನ್ ರೈಲ್ವೆ ಹುಟ್ಟಿದಾಗ ಅದರೊಳಗೆ ಸೇರಿಹೋಯಿತು. 2003ರಿಂದ ಮೈಸೂರು ವಿಭಾಗ ಹುಬ್ಬಳ್ಳಿಯ ನೈಋತ್ಯ ರೈಲ್ವೆಯಲ್ಲಿದೆ.

ಇದನ್ನು ಕಂಠಪಾಠ ಮಾಡಬೇಕಾಗಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ವರ್ಷಗಳನ್ನು ಹಾಕಿ, ಗೆರೆಯ ಮೇಲೆ ಒಡೆಯನ ಹೆಸರು, ಕೆಳಗೆ ಓಡಿಸಿದವರ ಹೆಸರು ಬರೆದಿಟ್ಟುಕೊಳ್ಳಿ. ಮುಂದೆ ಸಿಗುವ ಪ್ರತಿ ಕಾಗದವನ್ನೂ ಇದರ ಮೇಲೆ ಇಟ್ಟು ನೋಡಬೇಕು.

ಮನೆಯ ಕಾಗದವನ್ನು ಓದುವುದು

ಈಗ ಅಟ್ಟ ಹತ್ತಿ. ಎಸ್ಟೇಟ್ ಇದ್ದ ಮನೆಗಳಲ್ಲಿ, ಕೆಲವು ಐನ್‌ಮನೆಗಳಲ್ಲಿ, ಹಳೆ ತಗಡಿನ ಪೆಟ್ಟಿಗೆಯಲ್ಲಿ ಕಾಫಿ ಕಳಿಸಿದ ರಶೀದಿ, ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನ ಬಿಲ್ಲು, ಗೊಬ್ಬರ ತರಿಸಿದ ರೈಲ್ವೆ ರಶೀದಿ ಸಿಗುವುದುಂಟು. ತಾರೀಖು ಹರಿದುಹೋಗಿರುತ್ತದೆ, ಇಲ್ಲ ಇರುವೆ, ಗೆದ್ದಲು ತಿಂದಿರುತ್ತದೆ. ಆದರೆ ತಲೆಯಲ್ಲಿ ಕಂಪನಿಯ ಅಕ್ಷರ ಉಳಿದಿದ್ದರೆ ಸಾಕು, ಕಾಲವನ್ನು ಅಂದಾಜು ಮಾಡಬಹುದು.

ಮೈಸೂರು ಸ್ಟೇಷನ್ನಿನ ಕಾಗದದ ಮೇಲೆ ಎಸ್.ಎಂ.ಆರ್., ಅಂದರೆ ಸದರ್ನ್ ಮರಾಠಾ ರೈಲ್ವೆ, ಅಂತ ಇದ್ದರೆ ಅದು 1886 ಮತ್ತು 1907ರ ನಡುವಿನದ್ದು. ಅದೇ ಸ್ಟೇಷನ್ನಿನದ್ದಕ್ಕೆ ಎಂ. ಅಂಡ್ ಎಸ್.ಎಂ. ಅಂತ ಇದ್ದರೆ 1908ರಿಂದ 1919ರ ಒಳಗೆ. ಆಮೇಲೆ ಮೈಸೂರಿನಲ್ಲಿ ಎಂ.ಎಸ್.ಆರ್., ಅಂದರೆ ಮೈಸೂರು ಸ್ಟೇಟ್ ರೈಲ್ವೆ. 1951ರ ನಂತರ ಎಸ್.ಆರ್. ತಲಶ್ಶೇರಿಯದ್ದಾದರೆ ಲೆಕ್ಕ ಬೇರೆ. ಅಲ್ಲಿಗೆ ಹಳಿ ತಂದದ್ದು ಮದ್ರಾಸ್ ರೈಲ್ವೆ. 1907ರಲ್ಲಿ ಅದೇ ಲೈನು ಮಂಗಳೂರನ್ನೂ ಮುಟ್ಟಿತು, ಆ ವರ್ಷದ ಕೊನೆಗೆ ಕಂಪನಿಯೇ ಮುಗಿಯಿತು. 1908ರಿಂದ ಆ ಕರಾವಳಿ ಲೈನು ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು. ಹಾಗಾಗಿ ತಲಶ್ಶೇರಿಯ ರಶೀದಿಯಲ್ಲಿ ಎಸ್.ಐ.ಆರ್. ಅಂತ ಕಂಡರೆ ಅದು 1908 ಮತ್ತು 1951ರ ನಡುವಿನದ್ದು.

ಒಂದು ಎಚ್ಚರ. ಮುದ್ರಿಸಿಟ್ಟ ಹಳೆ ಫಾರಂ ಮುಗಿಯುವವರೆಗೆ ಬಳಸುವುದು ಎಲ್ಲ ಆಫೀಸಿನಲ್ಲೂ ಇದ್ದದ್ದೇ. ಒಂದೆರಡು ವರ್ಷ ಆಚೆ ಈಚೆ ಆಗಬಹುದು ಅಂತ ಬರೆದುಕೊಳ್ಳಿ. ಅಂಚೆ ಚೀಟಿ, ರೆವಿನ್ಯೂ ಸ್ಟಾಂಪ್ ಅಂಟಿಸಿದ್ದರೆ ಅದರಲ್ಲಿ ಯಾವ ರಾಜನ ತಲೆ ಇದೆ ಅಂತಲೂ ನೋಡಿ. ಐದನೇ ಜಾರ್ಜ್ ಆದರೆ ಆ ಚೀಟಿ 1910 ಮತ್ತು 1936ರ ನಡುವಿನ ಅವನ ಆಳ್ವಿಕೆಯದ್ದು, ಅಲ್ಲಿಗೆ ಇನ್ನಷ್ಟು ಹತ್ತಿರ ಬಂದಿರಿ.

ಕಾಗದದಲ್ಲಿ ತೂಕ, ಮೂಟೆಯ ಲೆಕ್ಕ, ಯಾವ ಸ್ಟೇಷನ್ನಿಂದ ಯಾವ ಸ್ಟೇಷನ್ನಿಗೆ, ಸಾಗಾಣಿಕೆಯ ದರ, ಇವನ್ನು ಬಿಡದೆ ಬರೆದುಕೊಳ್ಳಿ. ಇವು ದಿವಾನರ ವರದಿಯಲ್ಲೂ ಸಿಗುವುದಿಲ್ಲ. ಮೈಸೂರಿನಲ್ಲಿ ಹತ್ತಿಸಿದ ಮೂಟೆ ಮದ್ರಾಸಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಮೀಟರ್‌ಗೇಜ್ ವ್ಯಾಗನ್ನಿಂದ ಇಳಿಸಿ ಬ್ರಾಡ್‌ಗೇಜ್ ವ್ಯಾಗನ್ನಿಗೆ ಹಾಕಬೇಕಿತ್ತು. ಮೀಟರ್‌ಗೇಜ್ 1000 ಮಿಲಿಮೀಟರ್, ಬ್ರಾಡ್‌ಗೇಜ್ 1676. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ಕೂಲಿ, ಸಮಯ, ಹರಿದ ಚೀಲ ಎಲ್ಲ ಜಾಸ್ತಿ. ತಲಶ್ಶೇರಿಗೆ ಹೋದರೆ ಬಂದರೂ ಅಲ್ಲೇ, ಬ್ರಾಡ್‌ಗೇಜೂ ಅಲ್ಲೇ. ದಕ್ಷಿಣ ಕೊಡಗಿನ ಕಾಫಿ ಕಡಿದಾದ ಘಾಟಿ ಇದ್ದರೂ ಆ ಕಡೆ ಇಳಿದದ್ದು ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ. ನಿಮ್ಮ ಮನೆಯ ರಶೀದಿಯಲ್ಲಿ ಅದು ನಿಜವೋ ಅಂತ ನೋಡಬಹುದು.

ತೋಟದಲ್ಲಿ ನಿಂತಿರುವ ಹಳಿ

ರೈಲು ಬರದಿದ್ದರೂ ಹಳಿ ಬಂದಿದೆ. ಎಷ್ಟೋ ಹಳೆ ಎಸ್ಟೇಟುಗಳಲ್ಲಿ ಗೇಟಿನ ಕಂಬ, ಗೋದಾಮಿನ ತೊಲೆ, ಚಿಕ್ಕ ತೋಡಿಗೆ ಹಾಕಿದ ಸೇತುವೆ ಇವಕ್ಕೆ ಗುಜರಿಯಲ್ಲಿ ಕೊಂಡ ರೈಲು ಹಳಿಯನ್ನೇ ಹಾಕಿರುತ್ತಾರೆ. ಅಂಥದ್ದು ಕಂಡರೆ ಹತ್ತಿರ ಹೋಗಿ. ಹಳಿಯ ಮೇಲ್ಭಾಗಕ್ಕೂ ಬುಡಕ್ಕೂ ನಡುವೆ ಚಪ್ಪಟೆ ಭಾಗ ಇರುತ್ತದಲ್ಲ, ಅಲ್ಲಿ ಉಬ್ಬು ಅಕ್ಷರದಲ್ಲಿ ತಯಾರಿಸಿದ ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಕೆಲವೊಮ್ಮೆ ತೂಕ ಮತ್ತು ಕೊಂಡ ರೈಲ್ವೆಯ ಅಕ್ಷರಗಳೂ ಇರುತ್ತವೆ. ಮಳೆಗೆ ತುಕ್ಕು ಹಿಡಿದು ಓದಲು ಬಾರದಿದ್ದರೆ ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಸೀಮೆಸುಣ್ಣವನ್ನು ಅಡ್ಡಕ್ಕೆ ಹಿಡಿದು ಎಳೆಯಿರಿ. ಉಬ್ಬಿದ ಕಡೆ ಮಾತ್ರ ಬಿಳಿ ಹತ್ತುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಇಲ್ಲವಾದರೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿಕೊಳ್ಳಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಚೆನ್ನಾಗಿ ಬರುತ್ತದೆ. ಸುತ್ತಿಗೆ, ಆಸಿಡ್ ಏನೂ ಬೇಡ. ಬೇರೆಯವರ ತೋಟವಾದರೆ ಕೇಳಿಯೇ ಒಳಗೆ ಹೋಗಿ.

ಆ ವರ್ಷ ಹಳಿ ತಯಾರಾದ ವರ್ಷ, ಲೈನು ತೆರೆದ ವರ್ಷ ಅಲ್ಲ. ಗುಜರಿಯಾದದ್ದು ಅದಕ್ಕಿಂತ ಎಷ್ಟೋ ಆಮೇಲೆ. ಯಾವ ಲೈನಿನಿಂದ ಬಂತು ಅಂತ ಕೊಂಡ ಬಿಲ್ಲು ಸಿಗದೆ ಹೇಳಲು ಆಗುವುದಿಲ್ಲ, ಹೇಳಲೂ ಬಾರದು. ಇನ್ನು ಓಡುವ ಲೈನಿನ ಹಳಿಯ ಮೇಲೆ ಈ ಪರೀಕ್ಷೆ ಮಾಡಲು ಹೋಗಬೇಡಿ. ಅದು ಅಪಾಯ, ಕಾನೂನಿನಲ್ಲಿ ಅಪರಾಧವೂ ಹೌದು.

ಹಿರಿಯರ ಹತ್ತಿರ ಏನು ಕೇಳಬೇಕು

"ರೈಲಿನ ಚರಿತ್ರೆ ಹೇಳಿ ಅಜ್ಜ" ಅಂದರೆ ಅವರು "ನಮಗೆಂಥ ರೈಲು" ಅಂತ ಸುಮ್ನಾಗುತ್ತಾರೆ. ಕೆಲಸದ ಬಗ್ಗೆ ಕೇಳಿ. ಕಣದಲ್ಲಿ ಒಣಗಿದ ಕಾಫಿ ಎಲ್ಲಿಗೆ ಹೋಗುತ್ತಿತ್ತು? ಹುಣಸೂರಿಗೋ, ಮಂಗಳೂರಿಗೋ, ತಲಶ್ಶೇರಿಗೋ? ಗಾಡಿಯೋ ಲಾರಿಯೋ? ರಾತ್ರಿ ಎಲ್ಲಿ ತಂಗುತ್ತಿದ್ದರು? ಎಸ್ಟೇಟಿನ ಹಳೆ ರೈಟರ್ ಯಾರಾದರೂ ಇದ್ದರೆ ಅವರನ್ನು ಮೊದಲು ನೋಡಿ. ಸರಕು ಬಿಡಿಸಿಕೊಂಡು ಬರಲು ಸ್ಟೇಷನ್ನಿಗೆ ಓಡುತ್ತಿದ್ದವರು ಅವರೇ. ಗೂಡ್ಸ್ ಶೆಡ್ಡಿನಲ್ಲಿ ದಿನ ಮೀರಿದರೆ ಕಟ್ಟಬೇಕಾದ ಡೆಮರೇಜ್ ಬಗ್ಗೆ ಅವರು ಹೇಳುವ ವಿವರ ಬೇರೆ ಯಾರ ಬಳಿಯೂ ಸಿಗುವುದಿಲ್ಲ.

ಆಮೇಲೆ ಸೈನ್ಯದಲ್ಲಿ ಇದ್ದವರು. ನಮ್ಮ ಜಿಲ್ಲೆಯಲ್ಲಿ ಇದೊಂದು ದೊಡ್ಡ ಭಂಡಾರ, ಇದನ್ನು ಯಾರೂ ಸರಿಯಾಗಿ ಬಳಸಿಲ್ಲ ಅಂತ ನನಗೆ ಅನಿಸುತ್ತದೆ. ರಜೆಗೆ ಬರುವಾಗ ರೈಲ್ವೆ ವಾರಂಟ್ ಕೊಡುತ್ತಿದ್ದರು, ಅದನ್ನು ತೋರಿಸಿ ಟಿಕೆಟ್ ಪಡೆಯಬೇಕು. ಯಾವ ಸ್ಟೇಷನ್ನಿಗೆ ವಾರಂಟ್ ಬರೆಸುತ್ತಿದ್ದರು ಅಂತ ಕೇಳಿ. ಅವರ ಕಪ್ಪು ಟ್ರಂಕಿನ ಮೇಲೆ ಹೆಸರು, ನಂಬರು, ಊರಿನ ಜೊತೆ ರೈಲ್ವೆ ಸ್ಟೇಷನ್ನಿನ ಹೆಸರನ್ನೂ ಬಿಳಿ ಬಣ್ಣದಲ್ಲಿ ಬರೆಸಿರುತ್ತಾರೆ. ಒಂದು ಊರಿನ ಹತ್ತು ಟ್ರಂಕು ನೋಡಿದರೆ ಆ ಊರಿಗೆ "ನಮ್ಮ ಸ್ಟೇಷನ್" ಯಾವುದಾಗಿತ್ತು ಅಂತ ಗೊತ್ತಾಗುತ್ತದೆ. ನೆನಪಿನಲ್ಲಿ ವರ್ಷ ತಪ್ಪುವುದು ಸಹಜ. ವರ್ಷ ಕೇಳುವ ಬದಲು "ಮದುವೆಗೆ ಮೊದಲೋ ಆಮೇಲೋ", "ಎಪ್ಪತ್ತೊಂದರ ಯುದ್ಧಕ್ಕೆ ಮುಂಚೆಯೋ" ಅಂತ ಕೇಳಿದರೆ ಸರಿಯಾಗಿ ಬರುತ್ತದೆ.

ದಫ್ತರು ಮತ್ತು ಆನ್‌ಲೈನ್ ಹುಡುಕಾಟ

ಸರ್ಕಾರಿ ದಾಖಲೆಗೆ ಬಂದರೆ ಕೊಡಗಿನ ಆಡಳಿತದ ಒಂದು ತಿರುವು ಗೊತ್ತಿರಬೇಕು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅದು ಮೈಸೂರು ಸಂಸ್ಥಾನಕ್ಕೆ ಸೇರಲಿಲ್ಲ. ಆದರೆ 1881ರಿಂದ ಮೈಸೂರಿನ ರೆಸಿಡೆಂಟರೇ, ಅಂದರೆ ಅಲ್ಲಿನ ಬ್ರಿಟಿಷ್ ಪ್ರತಿನಿಧಿಯೇ, ಕೊಡಗಿನ ಚೀಫ್ ಕಮಿಷನರ್ ಕೂಡ, 1940ರವರೆಗೆ. ಒಬ್ಬನೇ ಅಧಿಕಾರಿಯ ಮೇಜಿನ ಮೇಲೆ ಮೈಸೂರಿನ ರೈಲು, ಕೊಡಗಿನ ರಸ್ತೆ ಎರಡರ ಫೈಲೂ ಇರುತ್ತಿತ್ತು. ಅಂದರೆ "ಕೊಡಗು" ಅಂತ ಮಾತ್ರ ಹುಡುಕಿ ನಿಲ್ಲಿಸಬಾರದು, "ಮೈಸೂರು ರೆಸಿಡೆನ್ಸಿ" ಅಂತಲೂ ಹುಡುಕಬೇಕು. ಬೆಂಗಳೂರಿನ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಅನ್ನುವ ಪೋರ್ಟಲ್, ತಲಶ್ಶೇರಿ ಮಂಗಳೂರು ಲೈನಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ, ಇವು ಮುಖ್ಯ. ಪೋರ್ಟಲ್ಲಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಅದೂ ಆ ಕಾಲದ ಹೆಸರಿನಲ್ಲಿ. ಮಡಿಕೇರಿಗೆ ಮರ್ಕಾರಾ, ಕುಶಾಲನಗರಕ್ಕೆ ಫ್ರೇಜರ್‌ಪೇಟ್, ತಲಶ್ಶೇರಿಗೆ ಟೆಲ್ಲಿಚೆರಿ, ಪಾಂಡವಪುರ ಸ್ಟೇಷನ್ನಿಗೆ ಫ್ರೆಂಚ್ ರಾಕ್ಸ್, ರಾಮನಗರಕ್ಕೆ ಕ್ಲೋಸ್‌ಪೇಟ್. ಹೊಸ ಹೆಸರು ಹಾಕಿದರೆ ಏನೂ ಬರುವುದಿಲ್ಲ.

ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ಶುರುವಾಯಿತು. ಅಲ್ಲಿ ದಿವಾನರು ಮಾಡುತ್ತಿದ್ದ ಭಾಷಣದಲ್ಲಿ ಆ ವರ್ಷ ಎಷ್ಟು ಮೈಲಿ ಲೈನು ತೆರೆಯಿತು, ಎಷ್ಟು ಆದಾಯ ಬಂತು ಅಂತ ಹೇಳುತ್ತಿದ್ದರು. ವಾರ್ಷಿಕ ಆಡಳಿತ ವರದಿಗಳಲ್ಲೂ ರೈಲ್ವೆಗೆ ಒಂದು ಭಾಗ ಇರುತ್ತದೆ, ಸ್ಕ್ಯಾನ್ ಆದ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ನಮ್ಮ ಕಡೆಗೆ 1924ರಿಂದ ಕೊಡಗು ಶಾಸನ ಸಭೆಯ ನಡಾವಳಿ ಇದೆ. ರಸ್ತೆ, ಸೇತುವೆ, ಕಾಫಿ ಸಾಗಾಣಿಕೆ ಅಂತ ಬಂದ ಚರ್ಚೆಗಳನ್ನು ಪುಟ ತಿರುವಿ ಓದಿ, "ರೈಲ್ವೆ" ಅನ್ನುವ ಪದ ಹುಡುಕಿ ಬಿಟ್ಟುಬಿಡಬೇಡಿ.

ಒಂದು ದಿನ ಮೈಸೂರಿನ ರೈಲ್ವೆ ಮ್ಯೂಸಿಯಂಗೂ ಹೋಗಿ ಬನ್ನಿ, ಕೆ.ಆರ್.ಎಸ್. ರಸ್ತೆಯಲ್ಲಿ, ಸಿ.ಎಫ್.ಟಿ.ಆರ್.ಐ. ಎದುರು. 1979ರಲ್ಲಿ ಶುರುವಾದದ್ದು. ಮಹಾರಾಣಿಯವರ ಸಲೂನ್ ಗಾಡಿಯನ್ನು ಎಲ್ಲರೂ ನೋಡುತ್ತಾರೆ. ನೀವು ಎಂಜಿನ್ನುಗಳ ಪಕ್ಕಕ್ಕೆ ಹೊಡೆದಿರುವ ತಯಾರಕರ ಪ್ಲೇಟ್, ಹಳೆ ಟಿಕೆಟ್, ಸಿಗ್ನಲ್ ದೀಪಗಳ ಮೇಲಿನ ಅಕ್ಷರಗಳನ್ನು ನೋಡಿ. ಮನೆಯ ಕಾಗದದಲ್ಲಿ ಕಂಡ ಅದೇ ಅಕ್ಷರಗಳು ಇಲ್ಲೂ ಕಾಣುತ್ತವೆ.

ಬಾರದ ರೈಲಿನ ಕಥೆಯನ್ನೂ ಬರೆಯಬೇಕು

ಕೊಡಗಿನ ರೈಲ್ವೆ ಚರಿತ್ರೆಯ ಕೊನೆಯ ಅಧ್ಯಾಯ ಇದು, ನನಗೆ ಇದರ ಮೇಲೆ ವಿಶೇಷ ಪ್ರೀತಿ. ಕೊಡಗು ಸಿ ದರ್ಜೆಯ ರಾಜ್ಯವಾಗಿದ್ದಾಗ 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚನವರು 1967ರಿಂದ 1969ರವರೆಗೆ ಇಡೀ ದೇಶದ ರೈಲ್ವೆ ಮಂತ್ರಿಯಾಗಿದ್ದರು. ಅವರ ರೈಲ್ವೆ ಬಜೆಟ್ ಭಾಷಣಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಸಿಗುತ್ತವೆ, ಪೂರ್ತಿ ಓದಿ. ಹಾಸನ–ಮಂಗಳೂರು ಲೈನಿನ ಕೆಲಸ ನಡೆಯುತ್ತಿದ್ದ ಕಾಲ ಅದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಾಟಿಯಲ್ಲಿ 57 ಸುರಂಗ ಕೊರೆದು 1979ರಲ್ಲಿ ಅದು ಮೀಟರ್‌ಗೇಜಾಗಿ ತೆರೆಯಿತು, ಬ್ರಾಡ್‌ಗೇಜ್ ಆದದ್ದು 2006ರಲ್ಲಿ. ಸೋಮವಾರಪೇಟೆ, ಶನಿವಾರಸಂತೆ ಕಡೆಯವರು ಇದನ್ನು ತಮ್ಮ ಊರಿನ ಚರಿತ್ರೆಗೂ ಸೇರಿಸಿಕೊಳ್ಳಬಹುದು.

ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ಲೈನಿನ ಪ್ರಸ್ತಾಪ, ಕೊಡಗನ್ನು ಹಾದು ತಲಶ್ಶೇರಿಗೆ ಹೋಗುವ ಲೈನಿನ ಪ್ರಸ್ತಾಪ, ಇವೆರಡರ ಸುತ್ತ ನಡೆದ ವಾದಗಳನ್ನು ಮಡಿಕೇರಿಯ "ಶಕ್ತಿ" ಪತ್ರಿಕೆಯ ಹಳೆ ಸಂಚಿಕೆಗಳಲ್ಲಿ ನೋಡಿ. ಬೇಕು ಅಂದವರು ಆಸ್ಪತ್ರೆ, ಓದು, ವ್ಯಾಪಾರದ ಕಾರಣ ಕೊಟ್ಟರು. ಬೇಡ ಅಂದವರು ಕಾಡು, ಆನೆ ದಾರಿ, ಕಾವೇರಿಯ ನೀರು ಅಂದರು. ನಿಮ್ಮ ಮನಸ್ಸಿನಲ್ಲಿ ಯಾವ ಪಕ್ಷ ಇದ್ದರೂ ಎರಡೂ ಕಡೆಯ ಮಾತನ್ನು ಅವರವರ ಬಾಯಲ್ಲೇ ಬರೆಯಿರಿ. ಪ್ರಸ್ತಾಪ, ಸರ್ವೆ, ಮಂಜೂರಾತಿ, ಹಣ ಬಿಡುಗಡೆ, ಇವು ನಾಲ್ಕು ಬೇರೆ ಬೇರೆ ಹಂತ. ಪತ್ರಿಕೆಯ ತಲೆಬರಹದಲ್ಲಿ ಎಲ್ಲವನ್ನೂ "ರೈಲು ಬಂತು" ಅಂತಲೇ ಹಾಕಿರುತ್ತಾರೆ, ಕೆಳಗಿನ ಸುದ್ದಿಯಲ್ಲಿ ಯಾವ ಹಂತ ಅಂತ ಓದಿಯೇ ಬರೆದುಕೊಳ್ಳಬೇಕು.

ಬರೆಯಲು ಕೂತಾಗ ಮೂರು ಬಗೆಯ ಮಾತನ್ನು ಬೆರೆಸಬೇಡಿ. ಕಾಗದದಲ್ಲಿ ಇರುವುದು, ಹಿರಿಯರು ಹೇಳಿದ್ದು, ನೀವು ಊಹಿಸಿದ್ದು. ಪ್ರತಿ ಸಾಲಿನ ಪಕ್ಕ ಇದು ಯಾವುದು ಅಂತ ಒಂದು ಗುರುತು ಹಾಕಿಕೊಂಡು ಹೋದರೆ ಓದುವವರಿಗೆ ನಂಬಿಕೆ ಬರುತ್ತದೆ. ಕಾಗದದ ಫೋಟೋ ತೆಗೆಯುವಾಗ ಹಿಂಬದಿಯನ್ನೂ ತೆಗೆಯಿರಿ, ಎಷ್ಟೋ ಸಲ ಲೆಕ್ಕ, ಸಹಿ, ಸ್ಟೇಷನ್ನಿನ ಮೊಹರು ಇರುವುದು ಅಲ್ಲೇ. ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ, ಹಾಗಾಗಿ ಕಾಗದ ನೋಡುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ಒಣಗಿದ ಮೇಲೆ ಮಡಿಕೆ ಇಲ್ಲದೆ ಹಾಳೆಗಳ ನಡುವೆ ಇಟ್ಟು ಆ ಮನೆಯವರಿಗೇ ವಾಪಸ್ ಕೊಡಿ. ಜೊತೆಗೆ ನೀವು ಬರೆದದ್ದರ ಒಂದು ಪ್ರತಿಯನ್ನೂ ಅವರಿಗೆ ಕೊಡಿ, ಇನ್ನೊಂದನ್ನು ನಿಮ್ಮ ತಾಲೂಕಿನ ಗ್ರಂಥಾಲಯಕ್ಕೆ.